ಗಾಡಿ ಬಂತು ಸೈದಪ್ಪಾ

ಠಾಕುರ್ಲಿಯ ನಮ್ಮ ಮೈದಾನದಲ್ಲಿ ಒಂದು ಕಟ್ಟಳೆಯಿದೆ: ರೈಲು ಹೋಗುವಾಗ ಹಾಡು ನಿಲ್ಲಿಸಬಾರದು. ಒಂದು ಗೋಲು ಹಳಿಗಳ ಕಡೆಗಿದೆ. ಅದರ ಹಿಂದೆ ಆರು ಸಿಮೆಂಟಿನ ಮೆಟ್ಟಿಲು, ಮೆಟ್ಟಿಲ ಹಿಂದೆ ಗೋಡೆ, ಗೋಡೆಯ ಹಿಂದೆ ಕಲ್ಯಾಣದ ಫಾಸ್ಟ್ ಲೋಕಲ್. ರೈಲು ಬಂದರೆ ಪಕ್ಕದವನು ಕಿವಿಗೆ ಬಾಯಿಟ್ಟು ಬೈದರೂ ಕೇಳಿಸುವುದಿಲ್ಲ. ಆದರೂ ನಾವು ಹಾಡುತ್ತೇವೆ, ನಮ್ಮ ಹಾಡು ನಮಗೇ ಕೇಳದೆ ಇರುವಾಗಲೂ. ಕೊನೆಯ ಡಬ್ಬಿ ದಾಟಿದ ಮೇಲೆ, ಸಮುದ್ರದ ಭರತ ಇಳಿದಾಗ ಬಂಡೆ ಕಾಣುವ ಹಾಗೆ, ಹಾಡು ಇದ್ದಲ್ಲೇ ಇರುತ್ತದೆ. ಹೊರಗಿನಿಂದ ಬಂದ ತಂಡದವರು ಆಗ ಒಮ್ಮೆ ತಿರುಗಿ ನೋಡುತ್ತಾರೆ. ಆ ತಿರುಗಿ ನೋಡುವ ಕ್ಷಣಕ್ಕಾಗಿ ನಾನು ಏನನ್ನು ಬೇಕಾದರೂ ಕೊಡುತ್ತಿದ್ದೆ.

ಕೊಟ್ಟೆ ಕೂಡ.

ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ವೆಜ್ ಹೋಟೆಲ್. ಗಲ್ಲಾದಲ್ಲಿ ಅಪ್ಪ, ಮೇಲಿನ ಮನೆಯಲ್ಲಿ ಅಜ್ಜಿ ವೇದಾವತಿ. ಉಡುಪಿಯ ಕಡೆಯಿಂದ ಬಂದು ಐವತ್ತು ವರ್ಷವಾದರೂ ಅಜ್ಜಿ ಈ ಊರನ್ನು ಪೂರ್ತಿ ನಂಬಿಲ್ಲ. ಅವಳ ಲೆಕ್ಕದಲ್ಲಿ ನಿಜವಾದದ್ದೆಲ್ಲ ಅವಳ ಕತೆಗಳಲ್ಲೇ ಇದೆ. ನಾನು ಬೆಳೆದದ್ದು ಆ ಕತೆಗಳೊಳಗೆ. ಹಾಡು ನಿಲ್ಲಿಸಿದರೆ ಬತ್ತಿಹೋಗುವ ಕೆರೆ, ಮೊಸಳೆಯ ಬೆನ್ನ ಮೇಲೆ ಸಂಸಾರ ಹೂಡಿದ ತಂಗಿ. ಆದ್ದರಿಂದಲೋ ಏನೋ, ಬೇಲಾಪುರದ ಕಚೇರಿಯೊಂದರಲ್ಲಿ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡುವ ಕಾಂಟ್ರ್ಯಾಕ್ಟಿನ ಕೆಲಸದಲ್ಲಿ ನನ್ನ ಮೈ ಇರುತ್ತದೆ, ನಾನಿರುವುದಿಲ್ಲ. "ಅಪರ್ಣಾ ಮೇಡಂ, ಉಲ್ಟಾ ಸ್ಕ್ಯಾನ್ ಕಿಯಾ ಫಿರ್ ಸೆ" ಎನ್ನುವುದು ನಾನು ಅಲ್ಲಿ ಅತಿ ಹೆಚ್ಚು ಕೇಳುವ ಮಾತು.

ಮೈದಾನದಲ್ಲಿ ಮಾತ್ರ ನಾನು ಇಡಿಯಾಗಿ ಇರುತ್ತಿದ್ದೆ. ಬೆಳಿಗ್ಗೆಯ ಲೋಕಲಿನಲ್ಲೂ ಮೈಗೆ ಮೈ ಒತ್ತಿಕೊಂಡೇ ನಿಲ್ಲುತ್ತೇವೆ, ಆದರೆ ಅಲ್ಲಿ ಪ್ರತಿಯೊಬ್ಬಳೂ ಒಬ್ಬಳೇ. ಮೆಟ್ಟಿಲುಗಳ ಮೇಲೆ ಅದೇ ಒತ್ತು, ಅದೇ ಬೆವರು, ಆದರೆ ಗೋಲಾದಾಗ ಹೆಸರೂ ಗೊತ್ತಿಲ್ಲದವಳೊಬ್ಬಳು ನನ್ನ ಕೊರಳಿಗೆ ಬಿದ್ದು ಅಳುತ್ತಾಳೆ. ಕತೆಯಲ್ಲಿ ರಾಜ್ಯಗಳಿರುತ್ತವಲ್ಲ, ಆ ಕಡೆಯದು ಅವರದು, ಈ ಕಡೆಯದು ನಮ್ಮದು. ದೊಡ್ಡವಳಾದ ಮೇಲೆ ಎಲ್ಲಿಯೂ ಸಿಗದ ಆ ಸರಳ ಗಡಿ ಅಲ್ಲಿ ಸುಣ್ಣದಲ್ಲಿ ಎಳೆದಿರುತ್ತಿತ್ತು. ನಮ್ಮ ಠಾಕುರ್ಲಿ ಯೂನಿಯನ್ ಗೆದ್ದದ್ದು ಕಡಿಮೆ. ಜಿಲ್ಲಾ ಲೀಗಿನಲ್ಲಿ ನಮ್ಮನ್ನು ಹೆದರಿ ನೋಡುವವರು ಯಾರೂ ಇರಲಿಲ್ಲ. ನಾನೂರು ಜನ ನಾವು, ಕಡುಗೆಂಪು ಟವೆಲು ಹೆಗಲಿಗೆ ಹಾಕಿಕೊಂಡು, ಸೋಲುವುದನ್ನು ನೋಡಲು ತಪ್ಪದೆ ಬರುತ್ತಿದ್ದೆವು.

ಮೊದಲು ನನ್ನನ್ನು ಅಲ್ಲಿಗೆ ಕರೆದೊಯ್ದವನು ಸಂಗಮೇಶ, ನಮ್ಮ ಗೋಲ್‌ಕೀಪರ್. ಅವನ ತಾಯಿ ಮರಗಮ್ಮ ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಕಲಬುರಗಿಯ ಕಡೆಯವರು. ಅವನ ತಂದೆ ಸೈದಪ್ಪ ಕಟ್ಟಡಗಳಿಗೆ ಕಾಂಕ್ರೀಟು ಹಾಕುತ್ತಿದ್ದವನು, ಸಂಗಮೇಶನಿಗೆ ಏಳು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಠಾಕುರ್ಲಿಯ ಹತ್ತಿರ ಹಳಿ ದಾಟುವಾಗ ಸತ್ತ. ಆ ದಿನ ಸಂಗಮೇಶನನ್ನು ನಮ್ಮ ಮನೆಗೆ ಕರೆತಂದು ಅಜ್ಜಿಯ ಹತ್ತಿರ ಬಿಟ್ಟರು. ಅಜ್ಜಿ ಬೇರೇನೂ ತೋಚದೆ ಕತೆ ಹೇಳಿದಳು. ಅವಳ ಕತೆಗೆ ಯಾರಾದರೂ ಹೂಂಗುಟ್ಟುತ್ತಿರಬೇಕು, ಇಲ್ಲದಿದ್ದರೆ ಮುಂದೆ ಹೋಗುವುದಿಲ್ಲ. ನಾನು ಕತೆಯೊಳಗೆ ಹೊರಟುಹೋಗಿ ಹೂಂ ಎನ್ನುವುದನ್ನೇ ಮರೆಯುತ್ತಿದ್ದೆ. ಅವನು ಮರೆಯಲಿಲ್ಲ. ಅಪ್ಪ ಸತ್ತ ದಿನವೂ ಕೆಳಗೆ ನೋಡಿಕೊಂಡು ಹೂಂ, ಹೂಂ ಎನ್ನುತ್ತಲೇ ಇದ್ದ. ಆಮೇಲೆ ಹತ್ತು ವರ್ಷ ನಾವಿಬ್ಬರೂ ಅದೇ ಚಾಪೆಯ ಮೇಲೆ ಕತೆ ಕೇಳಿದೆವು.

ಒಂದು ಸಲ ಅವನು ಬಹಳ ಸುಲಭದ ಗೋಲೊಂದನ್ನು ಬಿಟ್ಟ. ಮ್ಯಾಚು ಮುಗಿದ ಮೇಲೆ ಗೋಡೆಗೆ ಒರಗಿ ಕೂತು ಗೋಳಿಬಜೆ ತಿನ್ನುವಾಗ ನನಗೊಬ್ಬಳಿಗೆ ಹೇಳಿದ.

"ರೈಲು ಬಂದ್ರ ನನ್ನ ಕಿವಿ ಹಿಂದಕ್ಕ ಹೋಗತೈತಿ ಅಪ್ಪಿ. ಒಂದ್ ಸೆಕೆಂಡ್ ಅಷ್ಟ. ಕಣ್ಣು ಚೆಂಡಿನ ಮ್ಯಾಲೇ ಇರತಾವ, ಆದ್ರ ನೋಡಾಕ ಆಗಂಗಿಲ್ಲ."

"ಅಪ್ಪನ ನೆನಪಾಗುತ್ತದಾ?"

"ನೆನಪಲ್ಲ ಅದು. ಯಾರೋ ಕರದಂಗ ಆಕ್ಕೈತಿ. ಯಾರ್ಗೂ ಹೇಳಬ್ಯಾಡ ಮತ್ತ. ಯತಿನ್‌ಗ ಗೊತ್ತಾದ್ರ ನನ್ನ ಮುಗಿಸಿಬಿಡ್ತಾನ."

ಯತಿನ್ ನಮ್ಮ ಮೆಟ್ಟಿಲುಗಳ ಮುಖಂಡ. ವಿಮೆಯ ಪಾಲಿಸಿ ಮಾರುವವನು, ಗಂಟಲು ವರ್ಷವಿಡೀ ಒಡೆದೇ ಇರುತ್ತಿತ್ತು. ಮೂರನೆಯ ಮೆಟ್ಟಿಲು ಅವನದು, ಡೋಲು ಅಲ್ಲಿ, ಮೆಗಾಫೋನು ಅಲ್ಲಿ. ಅಲ್ಲಿ ಯಾರು ನಿಲ್ಲಬೇಕೆಂದು ಅವನೇ ಹೇಳುತ್ತಿದ್ದ. ಮೊದಲ ಎರಡು ವರ್ಷ ನಾನು ಗೋಡೆಗಂಟಿದ ಆರನೆಯದರಲ್ಲಿ, ಕೊಡೆ ಹಿಡಿದು ಬರುವ ಅಂಕಲ್‌ಗಳ ಜೊತೆ ನಿಂತಿದ್ದೆ. ಆಮೇಲೆ ಒಂದು ದಿನ ಅಜ್ಜಿಯ ಗದ್ದೆ ಹಾಡಿನ ರಾಗಕ್ಕೆ ನಾಲ್ಕು ಸಾಲು ಕೂಡಿಸಿ ಕೊಟ್ಟೆ. ಅಜ್ಜಿಯ ತವರಲ್ಲಿ ಭತ್ತದ ನೇಜಿ ನೆಡುವ ಹೆಂಗಸರು ಹಾಡುತ್ತಿದ್ದದ್ದು ಅದು. ಒಬ್ಬಳು ಎತ್ತಿಕೊಡುವುದು, ಮೂವತ್ತು ಜನ ಹಿಡಿಯುವುದು. ಗದ್ದೆಯ ಒಡೆಯರ ಮನೆಯವಳಾದ ಅಜ್ಜಿ ಹಾಡುವ ಹಾಗಿರಲಿಲ್ಲ, ಚಾವಡಿಯಲ್ಲಿ ಕೂತು ಕೇಳುವ ಹಾಗಿತ್ತು. ಕೇಳಿ ಕೇಳಿಯೇ ಕಲಿತಿದ್ದಳು. "ಗದ್ದೆ ಕೆಲಸ ನೋಡಿಕೊಳ್ತಿದ್ದ ಉಗ್ರಾಣಿ ಕದ್ದ ಅಕ್ಕಿಯ ಕತೆಯನ್ನೂ ಹಾಡಿಗೆ ಹಾಕ್ತಿದ್ರು ಮಗಾ. ಅವ ಕೇಳಿ ಕೇಳಿ ಕೆಂಪಾಗ್ತಿದ್ದ. ಯಾರು ಹಾಕಿದ್ದು ಅಂತ ಹಿಡೀಲಿಕ್ಕೆ ಉಂಟಾ? ಅಷ್ಟು ಬಾಯಲ್ಲಿ?" ಎಂದು ನಗುತ್ತಿದ್ದಳು.

ಆ ನಾಲ್ಕು ಸಾಲಿನಿಂದ ನಾನು ಮೂರನೆಯ ಮೆಟ್ಟಿಲಿಗೆ ಬಂದೆ. ಯತಿನ್ ನನಗೆ ಪೊಯೆಟ್ ಎಂದು ಹೆಸರಿಟ್ಟ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಾನು ಬಾರದಿದ್ದರೆ ಯಾರಾದರೂ ಗಮನಿಸುವ ಜಾಗವೊಂದು ನನಗೆ ಸಿಕ್ಕಿತ್ತು.

ಕಳೆದ ಆಗಸ್ಟಿನಲ್ಲಿ ಸಂಗಮೇಶ ನನ್ನನ್ನು ಠಾಣೆ ಸ್ಟೇಷನ್ನಿನಲ್ಲಿ ಹಿಡಿದ. ನಾನು ಬೇಲಾಪುರದ ಗಾಡಿಗೆ ಓಡುತ್ತಿದ್ದೆ.

"ವಾಶಿಯವ್ರು ಕರದಾರ," ಎಂದ. "ವಾಶಿ ಹಾರ್ಬರ್. ಆಡೋದರ ಕೂಡ ಮಾರ್ಕೆಟ್ಟಿನ ಟ್ರಾನ್ಸ್‌ಪೋರ್ಟ್ ಆಫೀಸಿನಾಗ ನೌಕರಿ. ಪರ್ಮನೆಂಟ್. ಅವ್ವನ ಕೈ ನೋಡೀಯಿಲ್ಲ ನೀನು?"

ನೋಡಿದ್ದೆ. ಸೋಡಾಪುಡಿಯಲ್ಲಿ ಇಪ್ಪತ್ತು ವರ್ಷ ನೆಂದು ಬೆರಳ ಸಂದಿಯ ಚರ್ಮ ಬಿಳಿಯಾಗಿ ಸುಲಿದ ಕೈ. ಆ ಪಾತ್ರೆಗಳು ನಮ್ಮವು.

"ಮತ್ತ ನಿನಗ ಮೊದಲ ಹೇಳಾಕತ್ತೀನಿ. ಸಿಟ್ಟಾಗಬ್ಯಾಡ."

"ಅಂದರೆ ನೀನು ಅವರ ಹಳದಿ ಜೆರ್ಸಿ ಹಾಕುತ್ತೀಯಾ?"

ನಾನು ಕೇಳಿದ್ದು ಅದೊಂದನ್ನೇ. ಅವನು ನಗಲು ನೋಡಿದ. "ಬಣ್ಣ ಏನ್ ಮಾಡತೈತಿ ಅಪ್ಪಿ?" ಎಂದ. ನನಗೆ ಕಣ್ಣು ತುಂಬಿತು. ಅದು ದುಃಖವೆಂದು ಅವನು ತಿಳಿದುಕೊಂಡಿರಬೇಕು. ನನ್ನ ಗಾಡಿ ಹೊರಟಿತ್ತು. ಅವನನ್ನು ಅಲ್ಲೇ ಬಿಟ್ಟು ಹತ್ತಿಬಿಟ್ಟೆ.

ಲೀಗಿನ ಸೆಮಿಫೈನಲ್ಲಿನಲ್ಲಿ ನಮಗೆ ಎದುರಾದದ್ದು ವಾಶಿ ಹಾರ್ಬರೇ. ಎರಡು ಮ್ಯಾಚು. ಮೊದಲನೆಯದು ಶನಿವಾರ ನಮ್ಮ ಮೈದಾನದಲ್ಲಿ, ಎರಡನೆಯದು ಅದರ ಮುಂದಿನ ವಾರ, ಭಾನುವಾರ ಅವರಲ್ಲಿ. ಯತಿನ್ ಮಾತಾಡುವುದನ್ನೇ ಬಿಟ್ಟು ಬರೀ ಒಂದು ಶಬ್ದ ಹೇಳುತ್ತಿದ್ದ: ಗದ್ದಾರ್, ದ್ರೋಹಿ. ಸಂಗಮೇಶನ ಹಳೆಯ ಫೋಟೋಗಳಿಗೆ ನಮ್ಮ ಫೋನಿನ ಗ್ರೂಪಿನಲ್ಲಿ ಹಾವಿನ ನಾಲಿಗೆ ಅಂಟಿಸಿ ಹಾಕುತ್ತಿದ್ದರು. ನಾನು ಒಂದಕ್ಕೂ ಉತ್ತರಿಸಲಿಲ್ಲ. ಅದನ್ನು ಅವರು ಗಮನಿಸಿದರು.

ಮೊದಲ ಮ್ಯಾಚಿನ ವಾರದ ಮಂಗಳವಾರ ಪ್ರ್ಯಾಕ್ಟೀಸ್ ನೋಡಲು ಹೋದಾಗ ಯತಿನ್ ಡೋಲಿನ ಹಗ್ಗ ಬಿಗಿಯುತ್ತ, ನನ್ನ ಮುಖ ನೋಡದೆ, ನಾನು ಯಾರ ಕಡೆಯವಳೆಂದು ಕೇಳಿದ: "ತೂ ಬೋಲ್, ಪೊಯೆಟ್. ತೂ ಕಿಸ್ಕೀ ತರಫ್ ಹೈ?"

"ಯೇ ಕೋಯಿ ಪೂಛ್ನೇ ಕೀ ಬಾತ್ ಹೈ?"

"ತೇರೇ ಘರ್ ಮೇಂ ಪಲಾ ಹೈ ವೋ. ಸಬ್ಕೋ ಪತಾ ಹೈ." ಸಂಗಮೇಶ ನಮ್ಮ ಮನೆಯಲ್ಲೇ ಬೆಳೆದವನೆಂದು ನೆನಪಿಸಿ ಹಗ್ಗಕ್ಕೆ ಗಂಟು ಹಾಕಿದ. "ಶನಿವಾರ್ ಕೋ ಗಾನಾ ನಹೀಂ ಲಾಯೀ, ತೋ ಊಪರ್ ಅಂಕಲ್ ಲೋಗ್ ಕೇ ಸಾಥ್ ಖಡೀ ರಹ್. ಛತ್ರಿ ಲೇಕೆ ಆನಾ."

ಹಾಡು ತಾರದಿದ್ದರೆ ಮತ್ತೆ ಆರನೆಯ ಮೆಟ್ಟಿಲು, ಕೊಡೆಯ ಅಂಕಲ್‌ಗಳ ಜೊತೆ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ.

ಮರುದಿನ ಆಫೀಸಿಗೆ ಹೋಗುವಾಗ, ಐರೋಲಿ ಬಿಟ್ಟು ತುರ್ಭೆ ಸೇರುವುದರೊಳಗೆ, ಹಾಡು ಪೂರ್ತಿ ಬಂದಿತು. ಅಷ್ಟು ಸಲೀಸಾಗಿ ನನಗೆ ಯಾವ ಹಾಡೂ ಬಂದದ್ದಿಲ್ಲ. ಕೊಲ್ಲಿಯ ಕೆಸರು, ಕಾಂಡ್ಲಾ ಗಿಡ, ಗೋದಾಮುಗಳ ತಗಡು ಕಿಟಕಿಯಲ್ಲಿ ಓಡುತ್ತಿದ್ದವು, ಫೋನಿನಲ್ಲಿ ನನ್ನ ಹೆಬ್ಬೆರಳು ಓಡುತ್ತಿತ್ತು.

ಗಾಡಿ ಬಂತು ಸೈದಪ್ಪಾ — ಹೋ ಹೋ
ಹಳಿಯ ಬಿಡು ಸೈದಪ್ಪಾ — ಹೋ ಹೋ
ಕುಡಿದ ಕಣ್ಣ ತೆರೆಯಪ್ಪಾ — ಹೋ ಹೋ
ಮನೆಗೆ ಹೋಗು ಸೈದಪ್ಪಾ.

'ಕುಡಿದ' ಎನ್ನುವುದನ್ನು ನಾನು ಹುಡುಕಲಿಲ್ಲ, ಅದು ಅಲ್ಲೇ ಇತ್ತು. ಸೈದಪ್ಪ ಸತ್ತ ಬೆಳಿಗ್ಗೆ ನಮ್ಮ ಹೋಟೆಲಿನ ಗಲ್ಲಾದ ಸುತ್ತ ನಿಂತವರಲ್ಲಿ ಯಾರೋ ಹೇಳಿದ್ದರು, ಕುಡಿದಿರಬೇಕು, ಈ ಕೂಲಿಯವರದ್ದು ಇದೇ ಎಂದು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಚಿಲ್ಲರೆ ಕೊಟ್ಟ. ಆರು ವರ್ಷದ ನಾನು ಅದನ್ನು ಕತೆಯ ಒಂದು ಭಾಗವೆಂದು ಒಳಗಿಟ್ಟುಕೊಂಡಿದ್ದೆ. ಇಪ್ಪತ್ತು ವರ್ಷ ಅದು ಹಾಗೆಯೇ ಒಣಗಿ, ಗಟ್ಟಿಯಾಗಿ, ಕೈಗೆ ಸಿಗುವಂತೆ ಕೂತಿತ್ತು.

ಶುಕ್ರವಾರ ಹಾಡನ್ನು ಮೆಟ್ಟಿಲುಗಳಿಗೆ ಕಲಿಸಿದೆ. ನಾನೂರು ಜನರಲ್ಲಿ ಕನ್ನಡ ಬರುವವರು ಕೈಬೆರಳಷ್ಟು ಇಲ್ಲ. ಇದ್ದ ಇಬ್ಬರು ಶೆಟ್ಟರ ಹುಡುಗರು ಹುಟ್ಟಿದ್ದೇ ಇಲ್ಲಿ. ಮನೆಯಲ್ಲಿ ತುಳು, ಹೊರಗೆ ಮರಾಠಿ. ಸೈದಪ್ಪ ಯಾರೆಂದು ಅವರಿಗೂ ಗೊತ್ತಿರಲಿಲ್ಲ.

"ಮತ್ಲಬ್ ಕ್ಯಾ ಹೈ?" ಎಂದು ಯತಿನ್ ಅರ್ಥ ಕೇಳಿದ.

"ಕುಛ್ ಖಾಸ್ ನಹೀಂ. ಗಾಡಿ ಆಯೀ, ಘರ್ ಜಾ."

"ಔರ್ ಯೇ ಸೈದಪ್ಪಾ?"

"ಐಸೇಹಿ. ನಾಮ್ ಹೈ."

ಅವನು ಡೋಲಿನ ಮೇಲೆ ಬೆರಳಾಡಿಸಿ ನೋಡಿದ. "ಬೀಟ್ ಏಕ್‌ದಮ್ ರೈಲ್ ಜೈಸಾ ಹೈ ರೇ," ಎಂದ. "ಗಾಡಿ ಬಂತು ಸೈದಪ್ಪಾ! ಬಂತು ಬಂತು ಬಂತು!" ಅರ್ಥ ತಿಳಿಯದ ಬಾಯಲ್ಲಿ ಅದು ಎಷ್ಟು ಸಂತೋಷದ ಹಾಡಾಗಿತ್ತು ಎಂದರೆ, ನಾನೂ ಒಂದು ಗಳಿಗೆ ಅದು ಸಂತೋಷದ್ದೇ ಎಂದುಕೊಂಡೆ.

ಒಂದು ಮಾತು ಮಾತ್ರ ಸೇರಿಸಿದೆ. "ಈ ಹಾಡನ್ನು ಸುಮ್ಮನೆ ಎತ್ತಬಾರದು. ಸೆಕೆಂಡ್ ಹಾಫ್‌ನಲ್ಲಿ ಅವನು ಈ ಕಡೆಯ ಗೋಲಿಗೆ ಬಂದ ಮೇಲೆ, ರೈಲು ಬಂದಾಗ ಮಾತ್ರ."

"ಕ್ಯೋಂ?"

"ಬಸ್, ಐಸೇ."

ಶನಿವಾರ ಸಂಜೆ ನಾಲ್ಕರ ಮ್ಯಾಚು. ಮೊದಲರ್ಧ ಸಂಗಮೇಶ ಆ ತುದಿಯಲ್ಲಿ ಹಳದಿಯ ಒಂದು ಚುಕ್ಕೆ. ವಿರಾಮದ ಮೇಲೆ ನಮ್ಮ ಕಡೆ ನಡೆದು ಬಂದ. ಗದ್ದಾರ್ ಎಂಬ ಕೂಗಿನ, ಬೀಳುವ ನೀರಿನ ಪೊಟ್ಟಣಗಳ ನಡುವೆಯೇ ಎರಡೂ ಕಂಬಗಳನ್ನು ಮುಟ್ಟಿ, ನಮಗೆ ಬೆನ್ನು ಕೊಟ್ಟು ನಿಂತ. ಆ ಬೆನ್ನು ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ರೈಲು ಬಂದಾಗ ಚೆಂಡು ದೂರದಲ್ಲಿತ್ತು. ನಾನು ಕೈಯೆತ್ತಿದೆ, ಡೋಲು ಬಿತ್ತು, ನಾನೂರು ಗಂಟಲು ಹಿಡಿದುಕೊಂಡವು. ರೈಲಿನ ಸದ್ದು ಹಾಡನ್ನು ನುಂಗಿತು, ಆಮೇಲೆ ಬಿಟ್ಟಿತು. ಮನೆಗೆ ಹೋಗು ಸೈದಪ್ಪಾ.

ಅವನ ಹೆಗಲು ಒಂದಿಷ್ಟು ಮೇಲೆದ್ದದ್ದು ನನಗೆ ಕಾಣಿಸಿತು. ಆಟ ಆ ಕಡೆ ನಡೆಯುತ್ತಿದ್ದಾಗ ಅವನು ತಿರುಗಿ ಮೆಟ್ಟಿಲುಗಳನ್ನು ನೋಡಿದ. ಮುಖದಿಂದ ಮುಖಕ್ಕೆ, ಸಾಲಿನಿಂದ ಸಾಲಿಗೆ ಹುಡುಕಿದ. ಅಷ್ಟೂ ಜನರಲ್ಲಿ ಆ ಹೆಸರು ಗೊತ್ತಿರಬಹುದಾದ ಒಬ್ಬಳನ್ನು ಹುಡುಕಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ನನ್ನನ್ನು ನೋಡಿದ. ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಏನನ್ನೋ ಕೇಳುವವನ ಹಾಗೆ ಹುಬ್ಬು ಸ್ವಲ್ಪ ಎತ್ತಿದ, ಅಷ್ಟೇ. ಆಮೇಲೆ ಬೆನ್ನು ತಿರುಗಿಸಿದ.

ಅರವತ್ತೆಂಟನೆಯ ನಿಮಿಷಕ್ಕೆ ಮತ್ತೊಂದು ಫಾಸ್ಟ್. ಆಗ ಚೆಂಡು ನಮ್ಮ ಹುಡುಗನ ಕಾಲಲ್ಲಿತ್ತು, ಇಪ್ಪತ್ತೈದು ಗಜದ ಆಚೆ. ಅವನು ಹೊಡೆದದ್ದು ಹೊಡೆತವೂ ಅಲ್ಲ. ಶಾಲೆಯ ಮಕ್ಕಳು ಹಿಡಿಯಬಹುದಾದ, ನೆಲದ ಮೇಲೆ ಎರಡು ಪುಟ ಹಾಕಿ ಬಂದ ಚೆಂಡು. ನಾನು ಕೈ ಎತ್ತಿಯಾಗಿತ್ತು. ಗಾಡಿ ಬಂತು ಸೈದಪ್ಪಾ. ಸಂಗಮೇಶ ಬಗ್ಗಿದ, ಕೈ ಚಾಚಿದ, ಚೆಂಡು ಅವನ ಅಂಗೈಗಳ ನಡುವಿನಿಂದ ಒಳಗೆ ಹೋಯಿತು. ಅವನು ಬಗ್ಗಿದ ಭಂಗಿಯಲ್ಲೇ ಉಳಿದ. ರೈಲು ಇನ್ನೂ ಹೋಗುತ್ತಲೇ ಇತ್ತು.

ಒಂದು–ಸೊನ್ನೆ. ನನ್ನನ್ನು ಎತ್ತಿಕೊಂಡರು. ಯಾರ ಹೆಗಲೋ ಗೊತ್ತಿಲ್ಲ. ಮೇಲಿನಿಂದ ಇಡೀ ಮೈದಾನ ಕಂಡಿತು, ಹಳಿ ಕಂಡಿತು, ಆಚೆಯ ಕಟ್ಟಡಗಳು ಕಂಡವು. ಯತಿನ್ ಮೆಗಾಫೋನನ್ನು ನನ್ನ ಕೊರಳಿಗೆ ಹಾಕಿದ. ನಾನು ಅತ್ತೆ. ಅದು ಆನಂದವೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಮನೆಗೆ ಬರುವುದರೊಳಗೆ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಅಜ್ಜಿಗೆ ಕೇಳಿಸಿದೆ. ಮೊದಲು ಅವಳ ಬೆರಳುಗಳು ತೊಡೆಯ ಮೇಲೆ ತಾಳ ಹಾಕಿದವು.

"ಇದು ನಮ್ಮ ಗದ್ದೆಯ ರಾಗ ಅಲ್ವಾ ಮಗಾ! ಎಷ್ಟು ಜನ ಹಾಡ್ತಾರೆ ಮಾರಾಯ್ತಿ. ಹೋ ಹೋ..." ಎಂದವಳು ನಿಲ್ಲಿಸಿದಳು. "ಎಂತ ಹೆಸರು ಹೇಳ್ತಾರೆ?"

"ಸೈದಪ್ಪ. ಸುಮ್ಮನೆ ಒಂದು ಹೆಸರು."

"ಮರಗಮ್ಮನ ಗಂಡ ಅಲ್ವಾ ಸೈದಪ್ಪ ಅಂದ್ರೆ."

ನಾನು ಫೋನಿನ ಸದ್ದು ತಗ್ಗಿಸಿದೆ.

"ನೀನೇ ಹಾಕಿದ್ದಾ?"

"ನಿನ್ನ ಗದ್ದೆಯ ಹೆಂಗಸರು ಉಗ್ರಾಣಿಯ ಹೆಸರು ಹಾಕುತ್ತಿರಲಿಲ್ಲವಾ? ನೀನೇ ಹೇಳಿದ್ದಲ್ಲವಾ, ನಗುತ್ತಾ?"

"ಅವ ಗದ್ದೆಯ ಅಂಚಿನ ಮೇಲೆ ಕೊಡೆ ಹಿಡಿದು ನಿಲ್ತಿದ್ದ ಮಾರಾಯ್ತಿ," ಎಂದಳು ಅಜ್ಜಿ. "ಈ ಹೆಂಗಸರು ಮೊಣಕಾಲು ಮುಟ್ಟ ಕೆಸರಲ್ಲಿದ್ರು."

ಫೋನು ಇನ್ನೂ ಹಾಡುತ್ತಿತ್ತು. "ಅದನ್ನು ಒಮ್ಮೆ ನಿಲ್ಸು," ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಿದ್ದೆ ಬಂದಿರಲಿಲ್ಲ, ಉಸಿರು ನನಗೆ ಗೊತ್ತು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟವಳನ್ನು ಮರಗಮ್ಮ ಹಿಂದಿನ ಪಾತ್ರೆ ತೊಳೆಯುವ ಮೋರಿಯ ಹತ್ತಿರದಿಂದ ಕರೆದಳು. ಕೈಯಲ್ಲಿ ಸಾರಿನ ದೊಡ್ಡ ಪಾತ್ರೆ. ಹೋಟೆಲಿನವರೆಲ್ಲ ಆ ವಿಡಿಯೋ ಹಾಕಿ ಹಾಕಿ ನೋಡುತ್ತಿದ್ದರೆಂದು ನನಗೆ ಗೊತ್ತಿತ್ತು. ಅವಳು ಕೆಲಸ ಬಿಡುತ್ತೇನೆಂದಾಳು, ಬೈದಾಳು, ಅಪ್ಪನ ಮುಂದೆ ನಿಲ್ಲಿಸಿಯಾಳು ಎಂದು ಎರಡು ದಿನದಿಂದ ಹಿಂದಿನ ಬಾಗಿಲು ತಪ್ಪಿಸಿ ಓಡಾಡುತ್ತಿದ್ದೆ.

"ಅಕ್ಕಾರ, ಆ ಪದ ನೀವು ಕಟ್ಟೀರಂತಲ್ರಿ?"

"ಸಂಗಮೇಶ ಹೇಳಿದನಾ?"

"ಅವ ಏನೂ ಹೇಳಿಲ್ರಿ. ಅವ ಮಾತಾಡವಲ್ಲ." ಪಾತ್ರೆಯನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಅಡಗಿ ಮಾಡೋ ಕಿಟ್ಟು ಅಣ್ಣಾರ ಫೋನಿನಾಗ ಕೇಳಿದ್ನಿ. ರಾಗ ಚಲೋ ಐತ್ರಿ. ಎಷ್ಟ್ ಮಂದಿ ಅದು?"

"ನಾನೂರು."

"ನಾನೂರು ಮಂದಿ." ಅವಳು ಅದನ್ನು ಬಾಯಲ್ಲಿಟ್ಟು ನೋಡಿದಳು. "ಇಪ್ಪತ್ ವರ್ಷ ಆತ್ರಿ, ಆತನ ಹೆಸರು ಹಿಡದು ಯಾರೂ ಕರದಿಲ್ಲ. ನಾ ಅಂತೂ ಹೆಸರು ಹೇಳಂಗಿಲ್ಲ. ಮಗ ಅಪ್ಪ ಅಂತಾನ. ಒಂದ್ ಶಬ್ದ ತಪ್ಪೈತಿ ನೋಡ್ರಿ ಅದರಾಗ," ಎಂದಳು.

ನಾನು ಬ್ಯಾಗನ್ನು ಹೆಗಲಿನಿಂದ ಇಳಿಸಿದೆ.

"ಆತ ಕುಡೀತಿರಲಿಲ್ರಿ. ಒಂದ್ ಹನಿ ಮುಟ್ಟಿದಾತ ಅಲ್ಲ. ಕುಡಿಯೋರ ಮಗ್ಗಲ ಕೂತು ಉಂಡಾತ ಸೈತ ಅಲ್ಲ. ಸ್ಲ್ಯಾಬ್ ಹಾಕೋದಿತ್ತು, ಎರಡ್ ಪಾಳಿ ಬಿಟ್ಟೂ ಬಿಡದ ದುಡದು ಬರಾಕತ್ತಿದ್ದ. ನಿದ್ದಿಗಣ್ಣಾಗ ದಾಟ್ಯಾನ. ಅವತ್ತೂ ಮಂದಿ ಹಂಗ ಅಂದ್ರು, ನಾ ಹೊಸಾಕಿ, ಭಾಷಾ ಬರ್ತಿರಲಿಲ್ಲ, ಯಾರ್ಗಂತ ಹೇಳ್ಲಿ? ಈಗ ಹಾಡಿನಾಗೂ ಅದ ಕುಂತದ. ಅದೊಂದ್ ಬದಲ ಮಾಡ್ರಿ ಅಕ್ಕಾರ. ಉಳಿದದ್ದು ಹೆಂಗರ ಇರಲಿ."

"ದಣಿದ ಕಣ್ಣು ಎಂದು ಮಾಡುತ್ತೇನೆ," ಎಂದೆ.

"ದಣಿದ ಕಣ್ಣ." ಅವಳು ತಲೆಯಾಡಿಸಿದಳು. "ಹಾಂ, ಅದು ಖರೇ ಐತಿ."

ಕ್ಷಮೆ ಕೇಳಲು ಅವಳು ನನಗೆ ಜಾಗವನ್ನೇ ಬಿಡಲಿಲ್ಲ. ಪಾತ್ರೆಗೆ ನಾರು ಹಾಕಿ ಉಜ್ಜತೊಡಗಿದಳು.

ಗುರುವಾರ ಬೆಳಿಗ್ಗೆ ಯತಿನ್‌ನನ್ನು ಡೊಂಬಿವಲಿ ಸ್ಟೇಷನ್ನಿನ ಹೊರಗೆ ಚಹಾದಂಗಡಿಯಲ್ಲಿ ಹಿಡಿದೆ. ಹಾಡಿನಲ್ಲಿ ಒಂದು ಶಬ್ದ ಬದಲಿಸಬೇಕು, ಎಲ್ಲರಿಗೂ ಹೊಸದನ್ನು ಕಲಿಸಬೇಕು ಎಂದೆ.

"ಪಾಗಲ್ ಹೈ ಕ್ಯಾ? ಜೀತಾ ಹುವಾ ಗಾನಾ ಕೋಯಿ ಬದಲ್ತಾ ಹೈ?"

"ಗೆದ್ದ ಹಾಡಾದರೂ ಬದಲಿಸಲೇಬೇಕು, ಯತಿನ್."

"ಕ್ಯೋಂ ಲೇಕಿನ್?"

ಸುಳ್ಳೊಂದನ್ನು ಹೇಳಬಹುದಿತ್ತು. ಬೀಟ್ ಸರಿಯಿಲ್ಲ ಎಂದರೆ ಒಪ್ಪುತ್ತಿದ್ದನೋ ಏನೋ. ಆದರೆ ನಿಜ ಹೇಳಿದರೆ ಅವನು ಹಾಡನ್ನೇ ಬಿಟ್ಟುಬಿಡುತ್ತಾನೆ, ನಾನೂರು ಜನ ತಲೆತಗ್ಗಿಸುತ್ತಾರೆ ಎಂದು ನನಗೆ ಅನ್ನಿಸಿತು. ಅಜ್ಜಿಯ ಕತೆಗಳಲ್ಲಿ ನಿಜ ಹೊರಬಿದ್ದಾಗ ಕಲ್ಲಾದವರೂ ಕರಗುತ್ತಾರೆ. ಹೇಳಿದೆ. ಸೈದಪ್ಪ ಯಾರು, ಹೇಗೆ ಸತ್ತ, ಎಲ್ಲಿ ಸತ್ತ, ಅದು ನಮ್ಮ ಗೋಡೆಯಿಂದ ಎಷ್ಟು ಹತ್ತಿರ. ರೈಲು ಬಂದಾಗ ಸಂಗಮೇಶನಿಗೆ ಏನಾಗುತ್ತದೆ. ಆ ಸಾಲಿನ ಅರ್ಥವೇನು, ಅದು ಹೇಗೆ ಸುಳ್ಳು.

ಯತಿನ್ ಚಹಾದ ಗ್ಲಾಸನ್ನು ಕಟ್ಟೆಯ ಮೇಲಿಟ್ಟ. ಅವನ ಮುಖ ಬದಲಾಗುತ್ತ ಹೋಯಿತು. ಬದಲಾಗಿ ಅರಳಿತು.

"ಬಾಪ್ ರೇ," ಎಂದ ಮೆಲ್ಲಗೆ. "ಇಸೀಲಿಯೇ! ಇಸೀಲಿಯೇ ವೋ ಬಾಲ್ ಅಂದರ್ ಗಯಾ! ಮೈಂ ಸೋಚೂಂ, ಐಸಾ ಸಡಾ ಹುವಾ ಶಾಟ್..." ಅಂಥ ಕೊಳಕು ಹೊಡೆತ ಗೋಲಾದದ್ದರ ಗುಟ್ಟು ಸಿಕ್ಕಿ, ನನ್ನ ಮೇಲಿನ ಸಂಶಯವೂ ಹೋಗಿ, ನನ್ನ ಹೆಗಲು ಹಿಡಿದು ಅಲುಗಿಸಿದ. "ತೂ ತೋ ಡೇಂಜರ್ ಹೈ ರೇ, ಪೊಯೆಟ್! ಔರ್ ಮೈಂ ತೇರೇ ಪೇ ಶಕ್ ಕರ್ ರಹಾ ಥಾ!"

"ಯತಿನ್, ಅವರು ಕುಡಿಯುತ್ತಿರಲಿಲ್ಲ. ಆ ಶಬ್ದ..."

"ಛೋಡ್ ನಾ. ಫುಟ್‌ಬಾಲ್ ಹೈ." ಅವನು ಆಗಲೇ ಫೋನು ತೆಗೆದಿದ್ದ.

ನಾನು ಆಫೀಸಿನಲ್ಲಿ ಮೊದಲ ನಕ್ಷೆ ಮುಗಿಸುವುದರೊಳಗೆ ಗ್ರೂಪಿನಲ್ಲಿ ಎಲ್ಲವೂ ಇತ್ತು, ಸಾಲು ಸಾಲಾಗಿ, ಅರ್ಥ ಸಮೇತ. ಯಾರೋ ಒಬ್ಬ, ಲೋಕಲ್ ಓಡಿಸುವ ಮೋಟಾರ್‌ಮನ್ ಒಬ್ಬನ ಮಗ, 'ಇದು ಸರಿಯಲ್ಲ' ಎಂದು ಮರಾಠಿಯಲ್ಲಿ ಬರೆದಿದ್ದ. ಅವನಿಗೆ ಉತ್ತರವಾಗಿ ನಲವತ್ತು ಛತ್ರಿಯ ಚಿತ್ರಗಳು ಬಂದಿದ್ದವು. ನಾನು ಅವನ ಪರವಾಗಿ ಏನೋ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಳಿಸಲಿಲ್ಲ.

ಶನಿವಾರ ಮಧ್ಯಾಹ್ನ ವಾಶಿಯ ಮ್ಯಾಚಿಗೆ ತಯಾರಿಯೆಂದು ಎಲ್ಲರೂ ಮೈದಾನದಲ್ಲಿ ಸೇರಿದ್ದರು. ನಾನು ಮೆಗಾಫೋನಿನಲ್ಲಿ ಹಾಡು ಎತ್ತಿಕೊಟ್ಟೆ. ಮೂರನೆಯ ಸಾಲಿಗೆ 'ದಣಿದ ಕಣ್ಣ' ಎಂದೆ, ಸಾಧ್ಯವಾದಷ್ಟು ಗಟ್ಟಿಯಾಗಿ. ನನ್ನ ಒಂದು ದನಿ ಯಂತ್ರದೊಳಗಿಂದ ಹೊರಗೆ ಬಂತು, ಅವರ ಹಳೆಯ ಶಬ್ದ ಅದರ ಮೇಲೆ ಬಿತ್ತು. ಮತ್ತೊಮ್ಮೆ ಹೇಳಿದೆ. ಮತ್ತೊಮ್ಮೆ ಬಿತ್ತು. ಹೋದ ವಾರ ಅದು ಅವರಿಗೆ ಬರೀ ಸದ್ದಾಗಿತ್ತು. ಈಗ ಗೊತ್ತಿತ್ತು. ಆ ಶಬ್ದ ಬಂದಾಗ ನಾನೂರು ಹೆಬ್ಬೆರಳು ಬಾಯ ಕಡೆ ಬಾಗಿದವು, ಕಾಣದ ಬಾಟಲಿ ಎತ್ತಿದಂತೆ. ಅದರ ಮುಂದಿನ ಸಾಲಿಗೆ ಎಲ್ಲರೂ ಒಟ್ಟಿಗೆ ಎಡಕ್ಕೆ ತೂರಾಡಿದರು. ಬಹಳ ಚೆನ್ನಾಗಿ ಕೂಡಿಬಂದಿತ್ತು. ಯಾರು ಕಟ್ಟಿದ ಅಭಿನಯವೋ ತಿಳಿಯಲಿಲ್ಲ. ಅಷ್ಟು ಕೈಯಲ್ಲಿ ಹಿಡಿಯುವುದು ಯಾರನ್ನು?

ಸಂಜೆ ಹಿಂದಿನ ಬಾಗಿಲಲ್ಲೇ ಬಂದೆ, ಅಂದು ತಪ್ಪಿಸಲಿಲ್ಲ. ಮರಗಮ್ಮ ಮೋರಿ ತೊಳೆದು, ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಳು.

"ಬದಲಾತೇನ್ರಿ ಅಕ್ಕಾರ?"

ಹೇಳಬೇಕೆಂದೇ ಬಂದಿದ್ದೆ. ಬಾಯಿ ತೆರೆದೆ.

"ಆಯಿತು," ಎಂದೆ.

"ದಣಿದ ಕಣ್ಣ ಅಂತ?"

"ಹೌದು."

ಅವಳು ಎರಡೂ ಕೈ ಜೋಡಿಸಿಬಿಟ್ಟಳು. ಬೆರಳ ಸಂದಿಯ ಬಿಳಿ ಚರ್ಮ ನೀರಿಗೆ ಉಬ್ಬಿತ್ತು. "ದೊಡ್ಡ ಉಪಕಾರ ಆತ್ರಿ. ಹಂಗಾದ್ರ ನಾಳಿ ನಾನೂ ಬರ್ತೀನಿ. ನಿಮ್ಮ ಅಪ್ಪಾರನ್ನ ರಜಾ ಕೇಳೀನಿ. ಮಗನ ಆಟ ಒಂದಿನಾನೂ ನೋಡಿಲ್ಲ ನಾ. ಹಾಡೂ ಕೇಳಿದಂಗ ಆಕ್ಕೈತಿ."

"ವಾಶಿ ದೂರ, ಮರಗಮ್ಮ. ಠಾಣೆಯಲ್ಲಿ ಗಾಡಿ ಬದಲಿಸಬೇಕು. ಬಿಸಿಲು..."

"ಬಿಸಲೇನ್ರಿ ಹೊಸದ? ಕೇಳ್ಕೋತ ಹೋಗ್ತೀನಿ." ಸೆರಗು ಹಿಂಡಿ ಹೆಗಲಿಗೆ ಹಾಕಿಕೊಂಡಳು. ಮುಖದಲ್ಲಿ ಮದುವೆಗೆ ಹೊರಟವಳ ಕಳೆ. "ಎಲ್ಲಿ ಕೂಡ್ರಲಿ? ನಿಮ್ಮ ಮಂದ್ಯಾಗ ಕೂಡ್ರಲೋ, ಅವನ ಕಡೆ ಕೂಡ್ರಲೋ?"

"ಅವನ ಕಡೆ ಕೂತುಕೊಳ್ಳಿ."

"ಅಲ್ಲಿಗೆ ಕೇಳತೈತೇನ್ರಿ?"

"ಕೇಳುತ್ತದೆ," ಎಂದೆ. "ಅಲ್ಲಿ ಹತ್ತಿರ ರೈಲಿಲ್ಲ. ಪ್ರತಿಯೊಂದು ಶಬ್ದವೂ ಕೇಳುತ್ತದೆ."